ಅಲ್ಗಾಂಕ್ವಿನ್ ಕಾಡಿನ ಕಚ್ಚುವ ಹುಳಗಳು: ನನ್ನ ಅನುಭವ

ಕೆನಡಾದ ಅಲ್ಗಾಂಕ್ವಿನ್ ಪಾರ್ಕಿಗೆ ಕ್ಯಾಂಪಿಂಗ್ ಹೊರಟ ಗೆಳೆಯರು ಮೊದಲು ಕೇಳುವುದು ‘ಯಾವ ಲೋಷನ್ ತಗೊಳ್ಳಲಿ?’ ಅಂತ. ‘ಯಾವ ತಿಂಗಳು ಹೋಗ್ತೀರಿ?’ ಅಂತ ನಾನು ತಿರುಗಿ ಕೇಳುತ್ತೇನೆ. ಅಲ್ಲಿನ ಹುಳಗಳು ಪಾಳಿ ಹಾಕಿಕೊಂಡು ಬರುತ್ತವೆ. ಮೇ ಮಧ್ಯದಿಂದ ಜೂನ್‌ವರೆಗೆ ಬ್ಲ್ಯಾಕ್ ಫ್ಲೈ ಎಂಬ ಪುಟ್ಟ ಕಪ್ಪು ನೊಣ, ಅದರ ಬೆನ್ನಿಗೇ ಸೊಳ್ಳೆ, ಜುಲೈ ಬಿಸಿಲಿಗೆ ಡಿಯರ್ ಫ್ಲೈ ಎಂಬ ಕಚ್ಚುವ ನೊಣ.

ನನಗೆ ಸೊಳ್ಳೆಗಿಂತ ಬ್ಲ್ಯಾಕ್ ಫ್ಲೈ ಕಾಟವೇ ಹೆಚ್ಚು. ನೋಡಲು ಎಳ್ಳುಕಾಳಿನಷ್ಟು. ಚರ್ಮ ಕೊಯ್ದು ಒಸರುವ ರಕ್ತ ಹೀರುತ್ತದೆ, ಆ ಹೊತ್ತಿಗೆ ಗೊತ್ತೇ ಆಗುವುದಿಲ್ಲ. ಕಿವಿಯ ಹಿಂದೆ ಕೈಯಾಡಿಸಿದಾಗ ಬೆರಳಿಗೆ ರಕ್ತ ಅಂಟುತ್ತದೆ. ಮೈಮೇಲೆ ಕೂತಮೇಲೆ ತೆವಳಿಕೊಂಡು ಬಟ್ಟೆಯ ಸಂದಿ ಹುಡುಕುವುದು ಅದರ ಬುದ್ಧಿ. ಹಾಗಾಗಿ ಪ್ಯಾಂಟಿನ ತುದಿ ಸಾಕ್ಸ್ ಒಳಗೆ, ಅಂಗಿ ಪ್ಯಾಂಟಿನ ಒಳಗೆ, ತೋಳಿನ ಗುಂಡಿ ಬಿಗಿ. ಮಲೆನಾಡಿನ ಮಳೆಗಾಲದಲ್ಲಿ ಉಂಬಳಕ್ಕೆ ಹೆದರಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ಕಡುಬಣ್ಣ, ಅದರಲ್ಲೂ ನೀಲಿ, ಅದನ್ನು ಕರೆಯುತ್ತದೆ; ಜೀನ್ಸ್ ಮನೆಯಲ್ಲೇ ಇರಲಿ. ಕತ್ತಲಾದರೆ ಅದರ ಕಾಟ ಮುಗಿಯಿತು. ಟೆಂಟಿನೊಳಗೆ ನುಗ್ಗಿದರೂ ಕಚ್ಚದೆ, ಹೊರದಾರಿ ಹುಡುಕುತ್ತಾ ಬಟ್ಟೆಗೋಡೆ ಹತ್ತುತ್ತಿರುತ್ತದೆ.

ನಿಜವಾದ ಪರೀಕ್ಷೆ ಪೋರ್ಟೇಜ್‌ನಲ್ಲಿ. ಒಂದು ಕೆರೆಯಿಂದ ಇನ್ನೊಂದಕ್ಕೆ ಕನೂ ಹೊತ್ತು ಕಾಡುದಾರಿಯಲ್ಲಿ ನಡೆಯಬೇಕು, ಎರಡೂ ಕೈ ದೋಣಿಯ ಮೇಲೆ, ಹುಳ ಓಡಿಸುವವರು ಯಾರು? ದಡ ಮುಟ್ಟುವ ಮುಂಚೆ, ಇನ್ನೂ ಗಾಳಿಯಿರುವ ನೀರಿನ ಮೇಲೇ ತಲೆ ಮುಚ್ಚುವ ಬಲೆ ಹಾಕಿಕೊಳ್ಳುತ್ತೇನೆ, ಕೊರಳು ಮತ್ತು ಕಿವಿಯ ಸುತ್ತ ರಿಪೆಲೆಂಟ್, ಅಂದರೆ ಹುಳ ದೂರವಿಡುವ ಲೋಷನ್, ಹಚ್ಚುತ್ತೇನೆ. ಇಳಿದಮೇಲೆ ಹಚ್ಚುತ್ತಾ ನಿಂತರೆ ಅವಕ್ಕೆ ಹಬ್ಬ.

ರಿಪೆಲೆಂಟ್‌ನಲ್ಲಿ ನನ್ನ ಆಯ್ಕೆ 20% ಇಕಾರಿಡಿನ್ ಎಂಬ ರಾಸಾಯನಿಕ ಇರುವುದು. ಡೀಟ್ (DEET) ಎಂಬ ಇನ್ನೊಂದು ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಕನ್ನಡಕ, ವಾಚಿನ ಪಟ್ಟಿ ಹಾಳಾಗುತ್ತವೆ. ಸನ್‌ಸ್ಕ್ರೀನ್ ಮೊದಲು, ರಿಪೆಲೆಂಟ್ ಆಮೇಲೆ. ಡಿಯರ್ ಫ್ಲೈಗೆ ಮಾತ್ರ ಇಕಾರಿಡಿನ್, ಡೀಟ್ ಎರಡೂ ಅಷ್ಟಾಗಿ ನಾಟುವುದಿಲ್ಲ. ಅದು ನಡೆಯುವವರ ತಲೆಯ ಸುತ್ತಲೇ ಗಿರಕಿ ಹೊಡೆಯುವುದರಿಂದ ಟೋಪಿಯ ಹಿಂಬದಿಗೆ ಅಂಟುಪಟ್ಟಿ ಹಚ್ಚುತ್ತೇನೆ. ಸಂಜೆಗೆ ನೋಡಿದರೆ ಅಸಹ್ಯ, ಆದರೂ ಒಳಗೊಳಗೇ ಖುಷಿ!

ಟೆಂಟ್ ಜಾಗಕ್ಕೆ ನೀರಿನೊಳಗೆ ಚಾಚಿಕೊಂಡ ಬಂಡೆಮೂತಿಯೋ ಪುಟ್ಟ ದ್ವೀಪವೋ ನೋಡುತ್ತೇನೆ. ಗಾಳಿ ಬೀಸಿದರೆ ಬ್ಲ್ಯಾಕ್ ಫ್ಲೈ, ಸೊಳ್ಳೆ ಸರಿಯಾಗಿ ಹಾರಲಾರವು. ಬ್ಲ್ಯಾಕ್ ಫ್ಲೈ ಹುಟ್ಟುವುದು ಹರಿಯುವ ನೀರಿನಲ್ಲಿ, ಸೊಳ್ಳೆ ನಿಂತ ನೀರಿನಲ್ಲಿ. ಎಷ್ಟೇ ಚೆಂದ ಕಂಡರೂ ತೊರೆಯ ಬದಿ, ಜೌಗಿನ ಅಂಚು ನನಗೆ ಬೇಡ. ಟೆಂಟಿನ ಬಲೆಯ ಕಣ್ಣು ತೀರಾ ಸಣ್ಣದಿರಬೇಕು, ಇಲ್ಲದಿದ್ದರೆ ನೋ-ಸೀ-ಅಮ್ ಎಂಬ ಚಿಕ್ಕ ನೊರಜು ತೂರಿ ಬರುತ್ತದೆ. ಅಡುಗೆ ಊಟ ಮುಸ್ಸಂಜೆಗೆ ಮುಂಚೆಯೇ ಮುಗಿಸುತ್ತೇನೆ, ಆಮೇಲೆ ಸೊಳ್ಳೆ ಪಾಳಿ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದು ಆಗಸ್ಟ್ ಕೊನೆ, ಆ ಹೊತ್ತಿಗೆ ಹುಳಗಳ ಪಾಳಿ ಬಹುತೇಕ ಮುಗಿದಿರುತ್ತದೆ. ಕೆರೆಯ ನೀರು ಆಗಲೂ ಈಜುವಷ್ಟು ಬೆಚ್ಚಗಿರುತ್ತದೆ.