ಗೊಂಬೆಯಾಟ ಇಟ್ಟುಕೊಳ್ಳುವವರೇ, ಮೊದಲು ಚಾಪೆ ಹಾಸಿ

ಶಿರಸಿ ಸುತ್ತಮುತ್ತ ಗೊಂಬೆಯಾಟದ ಹಬ್ಬ ಮಾಡುವ ಯೋಚನೆ ಇದ್ದವರಿಗೆ ಒಂದು ಮಾತು. ಕುಂದಾಪುರದ ಹತ್ತಿರದ ಉಪ್ಪಿನಕುದ್ರು ಕಡೆಯ ಯಕ್ಷಗಾನದ ಸೂತ್ರದ ಗೊಂಬೆ ಸುಮಾರು ಒಂದೂವರೆ-ಎರಡು ಅಡಿ ಎತ್ತರ, ಅಷ್ಟೇ. ಮನುಷ್ಯರೇ ವೇಷ ಕಟ್ಟುವ ಮೇಳದ ಆಟದ ಲೆಕ್ಕದಲ್ಲಿ ಸಾಲುಸಾಲು ಕುರ್ಚಿ ಹಾಕಿದರೆ ಹಿಂದಿನವರಿಗೆ ಕಾಣುವುದು ಮುಂದಿನವರ ತಲೆ. ಒಂದು ಕಡೆ ನಾನೂ ಹೀಗೇ ಕೂತು, ಬರೀ ಭಾಗವತರ ಪದ ಕೇಳಿ ಎದ್ದು ಬಂದಿದ್ದೇನೆ. ಮುಂದೆ ಮಕ್ಕಳಿಗೆ ಚಾಪೆ, ಹಿಂದೆ ಬೆಂಚು, ಕೊನೆಗೆ ಕುರ್ಚಿ. ಜನ ಜಾಸ್ತಿ ಆಗುವಂತಿದ್ದರೆ ಎರಡು ಆಟ ಆಡಿಸಿ, ಎರಡಕ್ಕೂ ಸಂಭಾವನೆ ಕೊಡಿ.

ತೊಗಲುಗೊಂಬೆ ಆದರೆ ಪರದೆಯ ಹಿಂದಿನ ದೀಪವೇ ಜೀವ. ಪಕ್ಕದ ಬಜ್ಜಿ ಅಂಗಡಿಯ ಬಲ್ಬನ್ನೂ ಆರಿಸಿಸಿ.

ಸನ್ಮಾನ ಮಾಡಲೇಬೇಕಿದ್ದರೆ ಆಟಕ್ಕೆ ಮೊದಲು ಐದು ನಿಮಿಷದಲ್ಲಿ ಮುಗಿಸಿ. ಆಟ ಮುಗಿದ ಮೇಲಿನ ಅರ್ಧ ಗಂಟೆ ಮಕ್ಕಳದ್ದು. ಕಲಾವಿದರನ್ನು ಮೊದಲೇ ಕೇಳಿಕೊಂಡು ಒಂದು ಗೊಂಬೆ ಹೊರಗೆ ಇಡಿಸಿ. ದಾರ ಎಳೆದಾಗ ಮರದ ಕೈ ಟಕ್ ಎಂದು ಮೇಲೇಳುವುದನ್ನು ಕಂಡ ಹುಡುಗ ಮನೆಗೆ ಹೋಗಿ ಹಾಳೆಪಟ್ಟೆಯಲ್ಲಿ ಗೊಂಬೆ ಕತ್ತರಿಸುತ್ತಾನೆ (ನಮ್ಮನೆಯಲ್ಲಿ ಕತ್ತರಿ ಇನ್ನೂ ಸಿಕ್ಕಿಲ್ಲ).

ಮಾರ್ಚ್ 21 ವಿಶ್ವ ಗೊಂಬೆಯಾಟ ದಿನ ನಿಜ, ಆದರೆ ಅದು ಪರೀಕ್ಷೆಯ ಹೊತ್ತು. ದಸರಾ ರಜೆ ವಾಸಿ, ಅಡಿಕೆ ಕೊಯ್ಲೂ ಜೋರಾಗಿರುವುದಿಲ್ಲ. ಹಳ್ಳಿಗಳ ಕೊನೇ ಬಸ್ಸು ಎಷ್ಟೊತ್ತಿಗೆಂದು ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿ, ಅದಕ್ಕೆ ಮುಂಚೆಯೇ ಮಂಗಳ ಹಾಡಿಸಿ.