ಲಕ್ಕಮ್ಮನ ಲೆಕ್ಕ

ನೌಕರಿ, ಸಂಸಾರ, ಪೂಜೆ ಈ ಮೂರನ್ನೂ ತೂಗಿಸಿಕೊಂಡು ಹೋಗುವುದು ಹೇಗೆಂದು ಮನೆಯ ಸೊಸೆಯಂದಿರು ಕೇಳಿದಾಗಲೆಲ್ಲ ನಾನು ಅವರಿಗೆ 12ನೆಯ ಶತಮಾನದ ಶರಣರಾದ ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ದಂಪತಿಗಳ ಕಥೆಯನ್ನೇ ಹೇಳುತ್ತೇನೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಬಸವಣ್ಣನವರಿದ್ದ ಕಲ್ಯಾಣಕ್ಕೆ ಬಂದ ಇವರ ಕಾಯಕವೆಂದರೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮರಿಗೆ, ಎಂದರೆ ಊರೂರು ಸುತ್ತುವ ಶಿವಭಕ್ತರಿಗೆ, ಉಣಬಡಿಸಿ ದಾಸೋಹ ನಡೆಸುವುದು. ಕಾಯಕದಲ್ಲಿ ನಿರತನಾದಾಗ ಲಿಂಗಪೂಜೆಯನ್ನೂ ಮರೆಯಬೇಕು ಎಂಬ ಮಾರಯ್ಯನ ಮಾತನ್ನು ನಾವೆಲ್ಲ ಕೇಳಿದ್ದೇವೆ. ರಾತ್ರಿ ಹತ್ತರವರೆಗೆ ಕಚೇರಿಯಲ್ಲಿ ಕೂರುವವರಿಗಂತೂ ಅದು ಬಹಳ ಅನುಕೂಲದ ಮಾತು. ಆದರೆ ಅದೇ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಈ ಆಸೆ ನಮಗೇಕೆಂದು ಕೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳು ಲಕ್ಕಮ್ಮ ಎಂಬುದನ್ನು ನೆನೆಯುವವರು ಕಡಿಮೆ. ಇಂದಿನ ಮನೆಗಳಲ್ಲಿ ಕೊರತೆಯಾಗಿರುವುದು ಇಷ್ಟು ಸಾಕೆನ್ನುವ ಈ ಅಳತೆಯೇ ಎಂದು ನನಗೆ ಅನಿಸುತ್ತದೆ.

ಪೂಜೆಯ ವಿಷಯದಲ್ಲಿಯೂ ಅಳತೆ ಬೇಕು. ಮೈಮೇಲೆ ಧರಿಸುವ ಇಷ್ಟಲಿಂಗದ ಪೂಜೆಯನ್ನು ಅವರವರೇ ಮಾಡಿಕೊಳ್ಳಬೇಕಲ್ಲದೆ ಒಬ್ಬರ ಪರವಾಗಿ ಇನ್ನೊಬ್ಬರು ಮಾಡಲು ಬರುವುದಿಲ್ಲ. ಆದ್ದರಿಂದ ಗಂಡ ಪೂಜೆಗೆ ಕುಳಿತಾಗ ಹೆಂಡತಿ ಒಲೆಯ ಮುಂದಿದ್ದರೆ, ಹೆಂಡತಿ ಕುಳಿತಾಗ ಹಾಲು ಉಕ್ಕದಂತೆ ನೋಡಿಕೊಳ್ಳುವುದು, ಮಕ್ಕಳ ಡಬ್ಬಿ ಕಟ್ಟುವುದು ಗಂಡನ ಪಾಲಿಗೆ ಬರಬೇಕು. ವಿಭೂತಿ, ಪತ್ರೆ, ನೀರಿನ ತಂಬಿಗೆಗಳನ್ನು ರಾತ್ರಿಯೇ ಒಂದು ತಟ್ಟೆಯಲ್ಲಿ ಅಣಿಮಾಡಿಟ್ಟರೆ ಬೆಳಗ್ಗೆ ಹದಿನೈದು ನಿಮಿಷ ಸಾಕಾಗುತ್ತದೆ, ಮತ್ತು ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅವರಿಗೂ ರೂಢಿಯಾಗುತ್ತದೆ. ಮೊಬೈಲನ್ನು ಆ ಹೊತ್ತಿನಲ್ಲಿ ಪಡಸಾಲೆಯಲ್ಲಿಯೇ ಬಿಡುವುದು ಒಳ್ಳೆಯದು.

ಸಮಯದ ಬಹುಪಾಲು ಹೋಗುವುದು ಅಡುಗೆಮನೆಯಲ್ಲಿ. ನಮ್ಮ ಧಾರವಾಡದ ಕಡೆಯ ಹಿರಿಯರು ಇದಕ್ಕೆ ಎಂದೋ ದಾರಿ ಕಂಡುಕೊಂಡಿದ್ದರು. ಬಿಡುವಿನ ದಿನ ಜೋಳದ ರೊಟ್ಟಿಯನ್ನು ತೆಳ್ಳಗೆ ತಟ್ಟಿ, ಬೇಯಿಸಿ, ಹಸಿ ಸ್ವಲ್ಪವೂ ಉಳಿಯದಂತೆ ಒಣಗಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ಆ ಕಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳಿದ್ದರೆ ದುಡಿದು ಬಂದವರು ಒಂದು ಪಲ್ಯ ಮಾಡಿಕೊಂಡರೆ ಊಟವಾಗುತ್ತದೆ. ಅಗಸಿ ಹಿಂಡಿಯನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಕುಟ್ಟಿಕೊಳ್ಳಿ, ಅದು ಬೇಗ ಕಮಟು ಹಿಡಿಯುತ್ತದೆ. ಶ್ರಾವಣದ ಆರಂಭದಲ್ಲಿಯೇ ನಾಗರ ಪಂಚಮಿ ಬರುವುದರಿಂದ ಶೇಂಗಾ, ಎಳ್ಳು, ತಂಬಿಟ್ಟಿನ ಉಂಡೆಗಳನ್ನು ವಾರ ಮೊದಲೇ ಕಟ್ಟಿಡಬೇಕು. ಐದು ಬಗೆಯ ಉಂಡೆ ಆಗಲಿಲ್ಲವೆಂದರೆ ಎರಡು ಬಗೆ ಸಾಕು, ಹಬ್ಬದ ದಿನ ಮನೆಯ ಹೆಣ್ಣುಮಕ್ಕಳು ಸುಸ್ತಾಗಿ ಮಲಗುವುದಕ್ಕಿಂತ ಜೋಕಾಲಿ ಆಡುವುದು ಮೇಲು. ಶೇಂಗಾ ಸುಲಿಯುವುದು, ಜೋಳ ಹಸನು ಮಾಡುವುದು ಮುಂತಾದ ಕೂತು ಮಾಡುವ ಕೆಲಸಗಳನ್ನು ನಮ್ಮಂಥ ಮುದುಕರಿಗೆ ಬಿಟ್ಟುಕೊಡಿ, ಅದನ್ನು ಕಸಿದುಕೊಂಡು ನಮಗೆ ಟಿವಿ ಹಚ್ಚಿಕೊಡುವುದು ಉಪಕಾರವಲ್ಲ.

ದಾಸೋಹವೆಂದರೆ ನೂರು ಜನರ ಪಂಕ್ತಿಯೇ ಆಗಬೇಕಿಲ್ಲ. ಸಂಬಳ ಕೈಸೇರಿದ ದಿನವೇ ಒಂದು ಪಾಲನ್ನು ಬೇರೆ ತೆಗೆದಿಟ್ಟರೆ ತಿಂಗಳ ಕೊನೆಯಲ್ಲಿ ಉಳಿದರೆ ಕೊಡೋಣ ಎಂಬ ಮಾತು ಬರುವುದಿಲ್ಲ.

ಇನ್ನು ಕಚೇರಿಯಲ್ಲಿ ಹೆಚ್ಚಿನ ಹೊಣೆಯೋ ಭಾನುವಾರದ ಕೆಲಸವೋ ಬಂದಾಗ, ಒಪ್ಪುವ ಮೊದಲು ರಾತ್ರಿಯ ಊಟದ ಹೊತ್ತಿನಲ್ಲಿ ಅದನ್ನು ಮನೆಯವರ ಮುಂದಿಟ್ಟು, ಆ ಹಣ ಯಾವ ಖರ್ಚಿಗೆ ಬೇಕೆಂದು ಬಾಯಿಬಿಟ್ಟು ಹೇಳಿ. ಸಾಲದ ಕಂತಿಗೋ ಮಗಳ ಓದಿಗೋ ಬೇಕಿದ್ದರೆ ಖಂಡಿತ ಮಾಡಿ, ಆದರೆ ಇಂತಿಷ್ಟು ತಿಂಗಳೆಂದು ಗಡುವು ಹಾಕಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಗಡುವು ಮುಗಿದ ದಿನ ಅದನ್ನು ನೆನಪಿಸುವ ಹಕ್ಕು ಮನೆಯ ಎಲ್ಲರಿಗೂ, ಚಿಕ್ಕ ಮಕ್ಕಳಿಗೂ ಇರಲಿ.