ಕ್ಲಾಸಿನಲ್ಲಿ ವರ್ಸೇಲ್ಸ್ ಒಪ್ಪಂದ ಮಾಡಿಸುವ ನನ್ನ ರೀತಿ

ಮೊದಲ ಮಹಾಯುದ್ಧ ಮುಗಿದ ಮೇಲೆ ಗೆದ್ದ ದೇಶಗಳು ಪ್ಯಾರಿಸ್‌ನಲ್ಲಿ ಕೂತು ಸೋತ ಜರ್ಮನಿಗೆ ಬರೆದ ವರ್ಸೇಲ್ಸ್ ಒಪ್ಪಂದದ ಪಾಠ ಮುಗಿಸುವುದು ಸುಲಭ. ನಾಲ್ಕು ಷರತ್ತು ಬೋರ್ಡಿನ ಮೇಲೆ ಬರೆದು, ಜರ್ಮನಿಗೆ ಅವಮಾನ ಆಯಿತು, ಅದರಿಂದ ಹಿಟ್ಲರ್ ಬಂದ ಅಂದರೆ ಪರೀಕ್ಷೆಗೆ ಸಾಕು. ಆದರೆ ಆಗ ಮಕ್ಕಳಿಗೆ ಅನ್ನಿಸುವುದು ಒಂದೇ, ಪ್ಯಾರಿಸ್‌ನಲ್ಲಿ ಕೂತಿದ್ದವರೆಲ್ಲ ಶುದ್ಧ ದಡ್ಡರು ಅಂತ. ಅವರು ದಡ್ಡರಲ್ಲ. ಅದು ಗೊತ್ತಾಗಬೇಕಾದರೆ ಮಕ್ಕಳೇ ಆ ಕುರ್ಚಿಯಲ್ಲಿ ಕೂರಬೇಕು. ಅದಕ್ಕೇ ನಾನು ಸಂಧಾನವನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ.

ಎಲ್ಲ ದೇಶಗಳನ್ನೂ ತರಲು ಹೋಗುವುದಿಲ್ಲ. 1919ರ ಮಾರ್ಚ್ ಕೊನೆಯಿಂದ ದೊಡ್ಡ ನಿರ್ಧಾರಗಳೆಲ್ಲ ಆಗಿದ್ದು ನಾಲ್ಕು ಜನರ ನಡುವೆ ತಾನೆ? ಅಮೆರಿಕದ ಅಧ್ಯಕ್ಷ ವಿಲ್ಸನ್, ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್, ಫ್ರಾನ್ಸಿನ ಪ್ರಧಾನಿ ಕ್ಲೆಮೆನ್ಸೊ, ಇಟಲಿಯ ಪ್ರಧಾನಿ ಒರ್ಲಾಂಡೊ. ಹಾಗಾಗಿ ಮೇಜಿನ ಸುತ್ತ ನಾಲ್ಕೇ ತಂಡ. ಜರ್ಮನಿ ತಂಡ ಕಾರಿಡಾರ್‌ನಲ್ಲಿ, ಬಾಗಿಲು ಹಾಕಿ. ಉಳಿದವರೆಲ್ಲ ಹಿಂದಿನ ಬೆಂಚಿನಲ್ಲಿ ಕೂತು ಫ್ರಾನ್ಸಿನ ಸಂಸತ್ತು, ಬ್ರಿಟನ್ನಿನ ಮತದಾರರು, ಅಮೆರಿಕದ ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನೆ, ಅದರ ಒಪ್ಪಿಗೆ ಇಲ್ಲದೆ ಅಮೆರಿಕ ಒಪ್ಪಂದಕ್ಕೆ ಸೇರುವಂತಿಲ್ಲ) ಆಗುತ್ತಾರೆ. ನಿಜವಾದ ಆಟ ಇರೋದು ಈ ಹಿಂದಿನ ಬೆಂಚಿನಲ್ಲೇ.

ಪ್ರತಿ ತಂಡಕ್ಕೂ ಒಂದು ಗುಟ್ಟಿನ ಚೀಟಿ ಕೊಡುತ್ತೇನೆ. ಏನಿಲ್ಲದೆ ಊರಿಗೆ ಹೋಗುವ ಹಾಗಿಲ್ಲ, ಅಷ್ಟೇ ಅದರಲ್ಲಿ ಇರುತ್ತದೆ. ಕ್ಲೆಮೆನ್ಸೊ ತನ್ನ ಆಯುಸ್ಸಿನಲ್ಲಿ ಎರಡು ಸಲ, 1870ರಲ್ಲಿ ಮತ್ತು 1914ರಲ್ಲಿ, ಜರ್ಮನ್ ಸೈನ್ಯ ಒಳಗೆ ನುಗ್ಗಿದ್ದನ್ನು ಕಂಡವರು. ವಾಪಸ್ ಹೋಗುವಾಗ ಜರ್ಮನ್ನರು ಉತ್ತರ ಫ್ರಾನ್ಸಿನ ಕಲ್ಲಿದ್ದಲು ಗಣಿಗಳಿಗೆ ನೀರು ತುಂಬಿಸಿ ಹೋಗಿದ್ದಾರೆ. ಲಾಯ್ಡ್ ಜಾರ್ಜ್ 1918ರ ಡಿಸೆಂಬರ್ ಚುನಾವಣೆಯಲ್ಲಿ ಜರ್ಮನಿಯಿಂದ ದುಡ್ಡು ವಸೂಲಿ ಮಾಡುವ ಮಾತು ಕೊಟ್ಟಾಗಿದೆ, ಆದರೆ ನಾಳೆ ಜರ್ಮನಿಯ ಜೊತೆ ವ್ಯಾಪಾರವೂ ಬೇಕು. ವಿಲ್ಸನ್‌ಗೆ, ಮುಂದೆ ಯುದ್ಧ ಆಗದಂತೆ ನೋಡಿಕೊಳ್ಳುವ ದೇಶಗಳ ಕೂಟ ಲೀಗ್ ಆಫ್ ನೇಷನ್ಸ್ ಒಪ್ಪಂದದ ಒಳಗೇ ಇರಬೇಕು.

ಹೆಚ್ಚು ಹೊತ್ತು ಹಿಡಿಯುವುದು ರೈನ್ ನದಿ. ಅದೇ ಜರ್ಮನಿಯ ಪಶ್ಚಿಮ ಗಡಿ ಆಗಬೇಕು ಅಂತ ಫ್ರಾನ್ಸ್ ತಂಡ ಪಟ್ಟು ಹಿಡಿಯುತ್ತದೆ, ಅಮೆರಿಕ ತಂಡ ಆಗಲ್ಲ ಅನ್ನುತ್ತದೆ, ದನಿ ಏರುತ್ತದೆ, ನಾನು ಬಾಯಿ ಬಿಡುವುದಿಲ್ಲ. ಸುಮ್ನೆ ಕಾಯಬೇಕು. ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ಸರಿ, ನದಿ ಬಿಡ್ತೀವಿ. ಜರ್ಮನಿ ಮತ್ತೆ ಬಂದ್ರೆ ನೀವು ಬರ್ತೀರಾ?" ಪ್ಯಾರಿಸ್‌ನಲ್ಲಿ ಆಗಿದ್ದೂ ಇದೇ. ಬ್ರಿಟನ್, ಅಮೆರಿಕ ಎರಡೂ ಬರುತ್ತೇವೆ ಅಂತ ಬರೆದುಕೊಟ್ಟವು. ಫ್ರಾನ್ಸ್ ನದಿಯ ಪಶ್ಚಿಮಕ್ಕೆ 15 ವರ್ಷ ಸೈನ್ಯ ಇಡುವುದಕ್ಕೂ, ನದಿಯ ಪೂರ್ವಕ್ಕೆ 50 ಕಿಲೋಮೀಟರ್‌ವರೆಗೆ ಜರ್ಮನ್ ಸೈನ್ಯ ಇರಬಾರದು ಅನ್ನುವುದಕ್ಕೂ ಒಪ್ಪಿತು. ಇಲ್ಲಿ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಾನು ಆ ಹಾಳೆ ತೆಗೆದುಕೊಂಡು ಹೋಗಿ ಹಿಂದಿನ ಬೆಂಚಿನ ಸೆನೆಟ್‌ಗೆ ಕೊಡುತ್ತೇನೆ.

1919ರ ನವೆಂಬರ್ 19ರಂದು ಸೆನೆಟ್ ಒಪ್ಪಂದವನ್ನು ತಿರಸ್ಕರಿಸಿತು, ಮುಂದಿನ ಮಾರ್ಚ್‌ನಲ್ಲಿ ಮತ್ತೊಮ್ಮೆ. ಫ್ರಾನ್ಸಿಗೆ ಕೊಟ್ಟ ಭರವಸೆಯಂತೂ ಅಲ್ಲಿ ಮತಕ್ಕೇ ಬರಲಿಲ್ಲ. ಅಮೆರಿಕ ಒಪ್ಪಿದರೆ ಮಾತ್ರ ನಮ್ಮದು ಅಂತ ಬ್ರಿಟನ್ ಮೊದಲೇ ಷರತ್ತು ಹಾಕಿತ್ತು, ಹಾಗಾಗಿ ಅದೂ ಬಿದ್ದುಹೋಯಿತು. ಫ್ರಾನ್ಸ್ ತಂಡದ ಕೈಯಲ್ಲಿ ಈಗ ನದಿಯೂ ಇಲ್ಲ, ಭರವಸೆಯೂ ಇಲ್ಲ. ಆಮೇಲೆ ಜರ್ಮನಿಯ ಬಗ್ಗೆ ಫ್ರಾನ್ಸ್ ಅಷ್ಟು ಬಿಗಿಯಾಗಿ ಯಾಕೆ ನಡೆದುಕೊಂಡಿತು ಅಂತ ಬೇರೆ ಪಾಠ ಮಾಡಬೇಕಾಗಿಯೇ ಇಲ್ಲ. ಒಪ್ಪಂದ ವಿಪರೀತ ಕಠಿಣವಾಗಿತ್ತು ಅನ್ನುವ ಮಾತು ನನಗೆ ಅರ್ಧ ಸತ್ಯ ಅನ್ನಿಸುವುದು ಇದಕ್ಕೇ.

ಜರ್ಮನಿ ಕೊಡಬೇಕಾದ ಯುದ್ಧ ಪರಿಹಾರದ ದುಡ್ಡಿನ ವಿಷಯಕ್ಕೆ ಬಂದರೆ ಮೊತ್ತ ಎಷ್ಟು ಅಂತ ಕಿತ್ತಾಟ. ಚುರುಕಾದ ತಂಡ ಮೊತ್ತ ಬರೆಯುವುದೇ ಇಲ್ಲ. ಪ್ಯಾರಿಸ್‌ನಲ್ಲಿದ್ದವರೂ ಬರೆಯಲಿಲ್ಲ, ಪರಿಹಾರ ಲೆಕ್ಕ ಹಾಕುವ ಒಂದು ಆಯೋಗಕ್ಕೆ ಬಿಟ್ಟರು. 132 ಶತಕೋಟಿ ಚಿನ್ನದ ಮಾರ್ಕ್ ಅಂತ ಲೆಕ್ಕ ಹೊರಬಿದ್ದಿದ್ದು 1921ರಲ್ಲಿ. ಆಗ ಒಪ್ಪಂದದ 231 ಮತ್ತು 232ನೇ ವಿಧಿಗಳನ್ನು ಒಟ್ಟಿಗೆ ಓದಿಸುತ್ತೇನೆ. ಮೊದಲನೆಯದು ಎಲ್ಲ ನಷ್ಟಕ್ಕೂ ಜರ್ಮನಿಯೇ ಹೊಣೆ ಅನ್ನುತ್ತದೆ. ಎರಡನೆಯದು, ಅಷ್ಟು ಕೊಡುವ ಶಕ್ತಿ ಅದಕ್ಕಿಲ್ಲ ಅಂತ ಒಪ್ಪಿಕೊಳ್ಳುತ್ತದೆ. ಒಂದು ಮತದಾರರಿಗೆ, ಇನ್ನೊಂದು ಲೆಕ್ಕ ಬಲ್ಲವರಿಗೆ. ಜಾಣ ಕೆಲಸವೇ. ಆದರೆ ಕಾರಿಡಾರ್‌ನಲ್ಲಿರುವ ತಂಡಕ್ಕೆ ಹಾಳೆ ತಲುಪಿದಾಗ ಅವರು 231 ಓದಿ ಅಲ್ಲೇ ಸಿಟ್ಟಾಗುತ್ತಾರೆ, ಮುಂದಿನದು ಕಣ್ಣಿಗೇ ಬೀಳುವುದಿಲ್ಲ.

ಅವರಿಗೆ ಮಾತಾಡುವ ಅವಕಾಶ ಕೊಡಬೇಡಿ. ಬರಹದಲ್ಲಿ ಮಾತ್ರ ಉತ್ತರ. ಮೇ 7ರಂದು ಷರತ್ತು ಕೈಗಿಟ್ಟಾಗ ನಿಜವಾದ ನಿಯೋಗಕ್ಕೂ ಅದೇ ನಿಯಮ ಇತ್ತು. ಅವರ ಆಕ್ಷೇಪಗಳಿಂದ ಬದಲಾಗಿದ್ದು ಸ್ವಲ್ಪವೇ, ಮುಖ್ಯವಾಗಿ ಜರ್ಮನಿ-ಪೋಲೆಂಡ್ ಎರಡಕ್ಕೂ ಬೇಕಾಗಿದ್ದ ಅಪ್ಪರ್ ಸೈಲೀಷಿಯಾ ಪ್ರದೇಶದಲ್ಲಿ ಜನಮತ ಕೇಳುವುದು. ಸಹಿ ಹಾಕುತ್ತೀರಾ ಅಂತ ಕೇಳುವ ಮುಂಚೆ, ಆಹಾರದ ದಿಗ್ಬಂಧನ ಪೂರ್ತಿ ತೆಗೆದಿಲ್ಲ, ಒಪ್ಪದಿದ್ದರೆ ಸೈನ್ಯ ಮುಂದೆ ಬರುತ್ತದೆ ಅನ್ನುವ ಚೀಟಿ ಓದಿ ಹೇಳಿ.

ನಮ್ಮವರು ಯಾರಿದ್ದರು ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಭಾರತದ ಪರವಾಗಿ ಸಹಿ ಹಾಕಿದ್ದು ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗೂ ಮತ್ತು ಬಿಕಾನೇರ್ ಮಹಾರಾಜ ಗಂಗಾ ಸಿಂಗ್. ಈ ಚರ್ಚೆಗೆ ಕೈ ಹಾಕಿದರೆ ಪೀರಿಯಡ್ ಮುಗಿದೇ ಹೋಗುತ್ತದೆ, ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಟೈಮ್ ಕಡಿಮೆ ಇದ್ದರೆ ಇಟಲಿಯನ್ನು ಬಿಟ್ಟುಬಿಡಿ. ಇಟಲಿ ಕೇಳಿದ ಫಿಯೂಮೆ ಬಂದರು ಸಿಗಲಿಲ್ಲ ಅಂತ ಏಪ್ರಿಲ್ ಕೊನೆಯಲ್ಲಿ ಒರ್ಲಾಂಡೊ ಎದ್ದು ಊರಿಗೆ ಹೋದಾಗಲೂ ಉಳಿದ ಮೂವರ ಕೆಲಸ ನಡೆದೇ ಇತ್ತು. ಸೆನೆಟ್ ಅನ್ನು ಮಾತ್ರ ಬಿಡಬೇಡಿ.